ಮಲಯು ಭಾಷೆಯೂ ಇಂಡೊನೇಸಿಯದ ರಾಷ್ಟ್ರನಿರ್ಮಾಣವೂ

ಪರಾಧೀನವಾಗಿದ್ದ ದೇಶವು ರಾಷ್ಟ್ರವಾಗಿ ಪರಿಣಮಿಸಿದ ಕ್ರಮವನ್ನು ವಿವೇಚಿಸುವಾಗ ಯುದ್ಧ, ಸಂಧಿ, ರಾಜ್ಯಾಂಗಗಳನ್ನು ಮಾತ್ರ ಪರಿಗಣಿಸುವುದು ವಾಡಿಕೆ. ಆದರೆ ಇಂಡೊನೇಸಿಯದಲ್ಲಿ ಸ್ವತಂತ್ರ ರಾಷ್ಟ್ರವು ಉದಯಿಸುವುದಕ್ಕೆ ಮೊದಲೇ ರಾಷ್ಟ್ರಭಾಷೆಯು ಸಂಕಲ್ಪಿತವಾಗಿದ್ದಿತು. ಅದೂ ಬಹುಸಂಖ್ಯಾತರ ಮಾತೃಭಾಷೆಯಾಗಿರಲಿಲ್ಲ. ಇದರ ಕಾರಣಗಳು ಭಾಷಾಸಾಹಿತ್ಯಗಳನ್ನು ಬೋಧಿಸುವವರಿಗೆ ವಿಚಾರಾರ್ಹವಾಗಿವೆ.

ಡಚ್ಚರ ವ್ಯಾಪಾರ ಸಂಘವು 1602ರಲ್ಲಿ ಸ್ಥಾಪಿತವಾಗಿ 1619ರಲ್ಲಿ ಜಾವಾ ದ್ವೀಪದ ಬತಾವಿಯದಲ್ಲಿ ನೆಲೆಯೂರಿತು. 1799ರಲ್ಲಿ ಸಂಘವು ಕೊನೆಗಾಣಲು, ಅದರ ಸ್ವತ್ತುಗಳು ಸರಕಾರದ ಕೈಸೇರಿದುವು. ಆಳುವವರು ತಮ್ಮ ಭಾಷೆಯನ್ನು ಜನಸಾಮಾನ್ಯರಿಗೆ ಕಲಿಸುವುದರಲ್ಲಿ ಉತ್ಸಾಹ ತೋರಲಿಲ್ಲ. ರೇವುಪಟ್ಟಣಗಳಲ್ಲಿ ವರ್ತಕರ ಮಾತಾಗಿ ಬಹುಕಾಲದಿಂದ ಹರಡಿದ್ದ ಮಲಯು ಭಾಷೆಯನ್ನೇ ಆಡಳಿತಕ್ಕೂ ಅನೇಕ ಶಾಲೆಗಳಿಗೂ ಬಳಸಿಕೊಂಡರು. 1901ರಲ್ಲಿ ಫಾನ್ ಓಫೈಸೆನ್ ಎಂಬ ವಿದ್ವಾಂಸನು ರೋಮನ್ ಲಿಪಿಯಲ್ಲಿ ಅದರ ಬರೆವಣಿಗೆಗೆ ನಿಯಮಗಳನ್ನು ರೂಪಿಸಿದನು. 1917ರಲ್ಲಿ ‘ಬಾಲೈ ಪುಸ್ತಕ’ ಎಂಬ ಸರಕಾರಿ ಪ್ರಕಟನಾಲಯವು ಏರ್ಪಟ್ಟಿತು. ಹೀಗೆ ಆಳ್ವಿಕೆಯ ಅನುಕೂಲಕ್ಕಾಗಿ ಹದಗೊಳಿಸಿದ ಸಾಧನವೇ ಆ ಆಳ್ವಿಕೆಯನ್ನು ಕಳೆಯಲೆಳಸಿದವರಿಗೆ ಒದಗಿಬಂದಿತು.

1928ನೆಯ ಅಕ್ಟೋಬರ್ 28ರಂದು ಬತಾವಿಯದಲ್ಲಿ ಕೂಡಿದ ತರುಣರ ಸಮ್ಮೇಳನವು ಮೂರು ಪ್ರತಿಜ್ಞೆಗಳನ್ನು ಕೈಕೊಂಡಿತು. ನಮ್ಮ ತಾಯ್ನಾಡು ಒಂದು, ನಮ್ಮ ಜನಾಂಗ ಒಂದು ಎಂಬುವು ಮೊದಲೆರಡು. ಮೂರನೆಯದರ ಭಾವವು ಬೇರೆ: ಅಲ್ಲಿ ಭಾಷೆ ಒಂದೇ ಎಂದಿಲ್ಲ, ಐಕ್ಯದ ಭಾಷೆಯಾದ ಇಂಡೊನೇಸಿಯ ಭಾಷೆಯನ್ನು ಗೌರವಿಸುವೆವೆಂದು ಮಾತ್ರವಿದೆ. ದೇಶಭಾಷೆಗಳನ್ನು ನಿರಾಕರಿಸದಿರುವ ಈ ಸೂಕ್ಷ್ಮವು ಗಮನಾರ್ಹ. ಮಲಯು ಎಂಬ ಹೆಸರನ್ನು ಬಿಟ್ಟು ಹೊಸ ಹೆಸರನ್ನಿಟ್ಟುದರಿಂದ ಆ ಭಾಷೆಯು ಒಂದು ಪಂಗಡದ ಸೊತ್ತಾಗದೆ ಎಲ್ಲರದಾಯಿತು.

ಜಾವಾ ಭಾಷೆಯನ್ನಾಡುವವರೇ ಸಂಖ್ಯೆಯಲ್ಲಿ ಅಧಿಕರು. ಅದರ ಸಾಹಿತ್ಯವೂ ಪ್ರಾಚೀನವಾದುದು. ಹಾಗಿದ್ದರೂ ಅದನ್ನು ಆರಿಸದಿರಲು ಎರಡು ಕಾರಣಗಳನ್ನು ಹೇಳಬಹುದು. ಕೇಳುವವನ ಅಂತಸ್ತಿಗೆ ತಕ್ಕಂತೆ ಅಲ್ಲಿ ಪದಗಳೇ ಬದಲಾಗುವುವು. ಸಮಾನತೆಯನ್ನು ಬಯಸಿದವರಿಗೆ ಇದು ತೊಡಕು. ಮೇಲಾಗಿ, ಅದನ್ನು ಆರಿಸಿದ್ದರೆ ಇತರ ದ್ವೀಪಗಳವರಿಗೆ ಜಾವಾದ ಮೇಲ್ಮೆಯ ಶಂಕೆ ಉಂಟಾಗುತ್ತಿದ್ದಿತು.

ಆರಿಸಿದ ಭಾಷೆಯನ್ನು ಆಧುನಿಕ ಭಾವಗಳಿಗೆ ಅಳವಡಿಸಿದವರು ಲೇಖಕರು. 1933ರಲ್ಲಿ ಸುತಾನ್ ತಕ್ದೀರ್ ಅಲಿಶಾಬಾನ, ಅಮೀರ್ ಹಮ್ಜಾ, ಅರ್ಮೆಯ್ನ್ ಪಾನೆ ಇವರು ‘ಪುಜಾಂಗ ಬಾರು’ ಎಂಬ ಪತ್ರಿಕೆಯನ್ನು ಹೊರಡಿಸಿದರು. ‘ನವಕವಿ’ ಎಂಬುದು ಇದರ ಅರ್ಥ. ‘ಪುಜಾಂಗ’ವು ಸಂಸ್ಕೃತದ ‘ಭುಜಂಗ’ದಿಂದ ಬಂದುದು, ಜಾವಾದಲ್ಲಿ ಅದಕ್ಕೆ ವಿದ್ವಾಂಸ, ಕವಿ ಎಂಬ ಅರ್ಥಗಳು ನೆಲೆಗೊಂಡುವು. ‘ಬಹಾಸ’ವು ನಮ್ಮ ‘ಭಾಷೆ’ಯೇ, ‘ಶಾಸ್ತ್ರ’ದಿಂದ ಬಂದ ‘ಸಾಸ್ತ್ರ’ಕ್ಕೆ ಅಲ್ಲಿ ಸಾಹಿತ್ಯವೆಂದು ಅರ್ಥ, ‘ನಗರ’ದಿಂದಾದ ‘ನೆಗಾರ’ಕ್ಕೆ ರಾಜ್ಯವೆಂದು. ಕನ್ನಡದ ವಾಚಕರಿಗೆ ಪರಿಚಿತವಾದ ಪದಗಳೇ ಅಲ್ಲಿ ಬೇರೆ ಬಾಳನ್ನು ಬಾಳಿವೆ.

1942ರಲ್ಲಿ ದ್ವೀಪಗಳನ್ನಾಕ್ರಮಿಸಿದ ಜಪಾನೀಯರು ಡಚ್ ಭಾಷೆಯನ್ನು ನಿಷೇಧಿಸಿದರು. ಅದರ ಸ್ಥಾನವನ್ನು ತುಂಬಬೇಕಾದ ಇಂಡೊನೇಸಿಯ ಭಾಷೆಗೆ ಪಾರಿಭಾಷಿಕ ಪದಗಳನ್ನು ಒದಗಿಸಲು ಸಮಿತಿಯೊಂದು ನೇಮಕವಾಯಿತು. 1945ನೆಯ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಮರುದಿನ ಅಂಗೀಕೃತವಾದ ರಾಜ್ಯಾಂಗದ 36ನೆಯ ವಿಧಿಯು ಇದನ್ನೇ ರಾಜ್ಯಭಾಷೆಯೆಂದು ಸಾರಿತು. ಡಚ್ಚರು ಅಧಿಕಾರವನ್ನು ಬಿಟ್ಟುಕೊಟ್ಟುದು ಹೋರಾಟದ ನಂತರ, 1949ನೆಯ ಡಿಸೆಂಬರ್ 27ರಂದು.

ಈ ಸಿದ್ಧಿಗೆ ಬೆಲೆಯೂ ಉಂಟು. ಶಾಲೆ, ಕಚೇರಿಗಳಲ್ಲಿ ಐಕ್ಯಭಾಷೆಯು ಬೇರೂರಿದಂತೆ ಅನೇಕ ದೇಶಭಾಷೆಗಳು ಎಳೆಯರ ಬಾಯಿಂದ ಜಾರುತ್ತಿವೆ. ರಾಷ್ಟ್ರಕ್ಕೆ ಬೇಕಾದುದು ಬಹುಜನರ ಭಾಷೆಯಲ್ಲ, ಯಾರನ್ನೂ ಕೀಳುಮಾಡದ ಭಾಷೆಯೆಂಬುದನ್ನು 1928ರ ತರುಣರು ಕಂಡುಕೊಂಡರು. ಮೂರನೆಯ ಪ್ರತಿಜ್ಞೆಯು ಹೇಳದೆ ಉಳಿಸಿದ ಅವಕಾಶದಲ್ಲಿ ಆ ದೇಶಭಾಷೆಗಳೂ ಬಾಳಿದರೆ ಮಾತ್ರ ಅವರ ಸಂಕಲ್ಪವು ಪೂರ್ಣವಾದೀತು.