ದೆವ್ವ ಆನ್‌ಲೈನ್ ಇದೆ, ಮಾತಾಡೋರು ಯಾರು?

ಇಂಜಿನಿಯರಿಂಗ್ ಓದೋವಾಗ ನಮ್ಮ ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಒಂದು ಹಾರ್ಡ್‌ಡಿಸ್ಕ್ ಇತ್ತು. ಅದರಲ್ಲಿ ‘ಹಾರರ್’ ಅನ್ನೋ ಫೋಲ್ಡರ್, ಆ ಫೋಲ್ಡರ್‌ನಲ್ಲಿ ಒಂದು ಜಪಾನಿ ಸಿನಿಮಾ. ಇಂಟರ್ನಲ್ಸ್ ಮುಗಿದ ರಾತ್ರಿ ನಾನೂ ನನ್ನ ರೂಮ್‌ಮೇಟೂ ಲೈಟ್ ಆರಿಸಿ, ಒಂದೇ ಇಯರ್‌ಫೋನನ್ನು ಒಂದೊಂದು ಕಿವಿಗೆ ಸಿಕ್ಕಿಸಿಕೊಂಡು ನೋಡೋಕೆ ಕೂತೆವು. ಅರ್ಧ ಗಂಟೆಗೆ ಅವನು ಗೊರಕೆ. ನಾನು ಇನ್ನೊಂದು ಹತ್ತು ನಿಮಿಷ ಕಾದೆ. ಕಿರುಚಾಟ ಇಲ್ಲ, ರಕ್ತ ಇಲ್ಲ, ಬಾಗಿಲು ಧಡಾರ್ ಅಂತ ಬಡಿಯೋದೂ ಇಲ್ಲ. ‘ಇದೆಂಥ ದೆವ್ವದ ಸಿನಿಮಾ’ ಅಂತ ಬೈಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

ಈಗ ನನಗೆ ಮೂವತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಹೋದ ಮಳೆಗಾಲದಲ್ಲಿ ಅದೇ ಸಿನಿಮಾವನ್ನ ಒಬ್ಬನೇ ಕೂತು ಪೂರ್ತಿ ನೋಡಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದೆವ್ವ ಬರುತ್ತೆ ಅನ್ನೋ ಭಯಕ್ಕಲ್ಲ. ಮತ್ಯಾಕೆ ಅಂತ ಹೇಳೋಕೇ ಈ ಬರಹ.

ಕೈರೋ ಅಂದ್ರೆ ಈಜಿಪ್ಟ್ ಅಲ್ಲ

ಸಿನಿಮಾದ ಹೆಸರು ‘ಕೈರೋ’. ಈಜಿಪ್ಟಿನ ರಾಜಧಾನಿಗೂ ಇದಕ್ಕೂ ಸಂಬಂಧ ಇಲ್ಲ. ಜಪಾನಿ ಭಾಷೆಯಲ್ಲಿ ಕೈರೋ ಅಂದ್ರೆ ಸರ್ಕ್ಯೂಟ್, ವಿದ್ಯುತ್ ಹರಿಯುವ ದಾರಿ. ನಿರ್ದೇಶಕ ಕಿಯೋಶಿ ಕುರೊಸಾವಾ. ‘ಸೆವೆನ್ ಸಮುರಾಯ್’ ಮಾಡಿದ ಅಕಿರಾ ಕುರೊಸಾವಾಗೂ ಇವರಿಗೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. 2001ರಲ್ಲಿ ಬಂದ ಈ ಸಿನಿಮಾ ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಬಹುಮಾನವನ್ನೂ ತಗೊಂಡಿತು.

ಯಂತ್ರದೊಳಗಿಂದ ದೆವ್ವ ಬರೋದು ಹೊಸ ಕಥೆ ಏನಲ್ಲ. 1982ರ ‘ಪೋಲ್ಟರ್‌ಗೈಸ್ಟ್’ನಲ್ಲಿ ಟಿವಿಯಿಂದ ಬಂತು. 1998ರ ‘ರಿಂಗು’ವಿನಲ್ಲಿ ವಿಡಿಯೋ ಕ್ಯಾಸೆಟ್‌ನಿಂದ ಬಂತು. ಮಾಧವನ್ ಅಭಿನಯದ ‘13ಬಿ’ಯಲ್ಲಿ (2009) ಮನೆಯವರೆಲ್ಲ ಕೂತು ನೋಡೋ ಧಾರಾವಾಹಿಯೊಳಗಿಂದಲೇ ಬಂತು. ಲಾಕ್‌ಡೌನ್ ಕಾಲದ ‘ಹೋಸ್ಟ್’ನಲ್ಲಿ (2020) ಜೂಮ್ ಕಾಲ್‌ಗೇ ಹಾಜರಾಯ್ತು! ಮನೆಗೆ ಹೊಸ ಪೆಟ್ಟಿಗೆ ಬಂದ ಹಾಗೆಲ್ಲ ದೆವ್ವಕ್ಕೂ ಹೊಸ ಬಾಗಿಲು ಸಿಗುತ್ತೆ. ‘ಕೈರೋ’ ಬರೋ ಹೊತ್ತಿಗೆ ಆ ಹೊಸ ಪೆಟ್ಟಿಗೆ ಇಂಟರ್‌ನೆಟ್ ಇರೋ ಕಂಪ್ಯೂಟರ್.

ಆಗ ಜಪಾನಿನಲ್ಲೂ ಬಹಳಷ್ಟು ಮನೆಗಳಲ್ಲಿ ಇಂಟರ್‌ನೆಟ್ ಅಂದ್ರೆ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಡಯಲ್ ಮಾಡೋದು. ನಿಮಿಷದ ಲೆಕ್ಕದಲ್ಲಿ ಬಿಲ್ ಏರೋದು. ಅಲ್ಲಿನ ಟೆಲಿಫೋನ್ ಕಂಪನಿ ಎನ್‌ಟಿಟಿ 1995ರಲ್ಲಿ ‘ಟೆಲಿಹೋದಾಯಿ’ ಅಂತ ಒಂದು ಸ್ಕೀಮ್ ತಂದಿತ್ತು. ರಾತ್ರಿ 11ರಿಂದ ಬೆಳಗ್ಗೆ 8ರವರೆಗೆ ಎಷ್ಟು ಹೊತ್ತು ಲೈನ್ ಹಿಡಿದರೂ ತಿಂಗಳಿಗೆ ಒಂದೇ ದರ. ಅಂದ್ರೆ ಊರು ಮಲಗಿದ ಮೇಲೆ ಒಬ್ಬೊಬ್ಬರೇ ಕತ್ತಲೆ ಕೋಣೆಯಲ್ಲಿ ಪರದೆ ಮುಂದೆ ಕೂರುವ ಅಭ್ಯಾಸ ಅಲ್ಲಿ ಸಿನಿಮಾಗೆ ಮೊದಲೇ ಶುರುವಾಗಿತ್ತು. ವರ್ಷಗಟ್ಟಲೆ ಕೋಣೆಯಿಂದಲೇ ಹೊರಬಾರದ ಹುಡುಗರಿಗೆ ‘ಹಿಕಿಕೊಮೊರಿ’ ಅನ್ನೋ ಹೆಸರು ಆ ದೇಶದಲ್ಲಿ ಮನೆಮಾತಾಗಿದ್ದೂ ಮನೋವೈದ್ಯ ತಮಾಕಿ ಸೈತೋ 1998ರಲ್ಲಿ ಬರೆದ ಪುಸ್ತಕದಿಂದ. ಕುರೊಸಾವಾ ದೆವ್ವ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಜಾಗ ಭರ್ತಿಯಾಗಿದೆ, ದಯವಿಟ್ಟು ಕ್ಷಮಿಸಿ

(ಇಲ್ಲಿಂದ ಮುಂದೆ ಕಥೆ ಗೊತ್ತಾಗುತ್ತೆ. ಮೊದಲು ಸಿನಿಮಾ ನೋಡಬೇಕು ಅನ್ನೋರು ನೋಡಿಕೊಂಡು ಬನ್ನಿ.)

ಟೋಕಿಯೋದಲ್ಲಿ ಒಂದು ಕಟ್ಟಡದ ತಾರಸಿ ಮೇಲೆ ಗಿಡಗಳ ನರ್ಸರಿ. ಅಲ್ಲಿ ಕೆಲಸ ಮಾಡೋ ಮಿಚಿ ಅನ್ನೋ ಹುಡುಗಿ, ಕೆಲವು ದಿನಗಳಿಂದ ಕೆಲಸಕ್ಕೆ ಬಾರದ ಸಹೋದ್ಯೋಗಿಯನ್ನ ಹುಡುಕಿಕೊಂಡು ಅವನ ಮನೆಗೆ ಹೋಗ್ತಾಳೆ. ಅವನು ಮನೆಯಲ್ಲೇ ಇದ್ದಾನೆ, ಮಾತಾಡ್ತಾನೆ, ಬೇಕಾದ ಫ್ಲಾಪಿ ಅಲ್ಲಿದೆ ನೋಡು ಅಂತಾನೆ. ಅವಳು ಹುಡುಕೋ ಹೊತ್ತಿಗೆ ಪಕ್ಕಕ್ಕೆ ಸರಿದು ಜೀವ ಕಳಕೊಂಡಿರ್ತಾನೆ. ಮತ್ತೊಂದು ಕಡೆ ಕವಾಶಿಮಾ ಅನ್ನೋ ಎಕನಾಮಿಕ್ಸ್ ಓದೋ ಹುಡುಗ. ಕಂಪ್ಯೂಟರ್ ಅಂದ್ರೆ ಏನೂ ಗೊತ್ತಿಲ್ಲ. ಸಿಡಿ ಹಾಕಿ ಇಂಟರ್‌ನೆಟ್ ಕನೆಕ್ಷನ್ ಕೊಡಿಸ್ಕೊಂಡ ದಿನವೇ ಪರದೆ ಮೇಲೆ ಯಾರ್ಯಾರದ್ದೋ ಮಬ್ಬು ಕೋಣೆಗಳು ಕಾಣಿಸ್ತವೆ. ಪ್ರತಿ ಕೋಣೆಯಲ್ಲೂ ಒಬ್ಬೊಬ್ಬರೇ, ಸುಮ್ಮನೆ. ಆಮೇಲೆ ಒಂದು ಪ್ರಶ್ನೆ ಬರುತ್ತೆ: ದೆವ್ವವನ್ನ ನೋಡಬೇಕಾ?

ಹೀಗ್ಯಾಕೆ ಆಗ್ತಿದೆ ಅಂತ ಒಬ್ಬ ಹಿರಿಯ ವಿದ್ಯಾರ್ಥಿ ತನ್ನ ಊಹೆ ಹೇಳ್ತಾನೆ. ಸತ್ತವರ ಲೋಕಕ್ಕೂ ಒಂದು ಅಳತೆ ಇರಬೇಕಲ್ವಾ? ಶತಶತಮಾನದಿಂದ ಆತ್ಮಗಳು ಹೋಗ್ತಾನೇ ಇವೆ. ಒಂದು ದಿನ ಅದು ತುಂಬಿದರೆ ಉಕ್ಕಿ ಈ ಕಡೆಗೇ ಬರಬೇಕು. ಬರೋಕೆ ಒಂದು ದಾರಿ ತೆರೆದುಕೊಂಡರೆ ಸಾಕು, ಎಂಥ ಸಾಮಾನ್ಯ ಯಂತ್ರದಿಂದಲೇ ಆಗಲಿ, ಆಮೇಲೆ ಅದು ತನ್ನಷ್ಟಕ್ಕೆ ತಾನೇ ನಡೀತಾ ಹೋಗುತ್ತೆ.

ಸಾಫ್ಟ್‌ವೇರ್‌ನವರಿಗೆ ಇದು ದಿನಾ ನೋಡೋ ಸಮಸ್ಯೆ. ಇಷ್ಟೇ ಹಿಡಿಸುತ್ತೆ ಅಂತ ಕೊಟ್ಟ ಜಾಗಕ್ಕೆ ಜಾಸ್ತಿ ಡೇಟಾ ಬಂದ್ರೆ ಅದು ಪಕ್ಕದ ಜಾಗಕ್ಕೆ ಚೆಲ್ಲುತ್ತೆ, ಅಲ್ಲಿದ್ದದ್ದನ್ನ ಅಳಿಸಿ ಕೂರುತ್ತೆ. ನಾವು ‘ಬಫರ್ ಓವರ್‌ಫ್ಲೋ’ ಅಂತೀವಿ. ಎಷ್ಟೋ ವೈರಸ್‌ಗಳು ಒಳಗೆ ನುಗ್ಗಿದ್ದು ಇದೇ ದಾರಿಯಲ್ಲಿ. ಪರಲೋಕಕ್ಕೂ ಬಫರ್ ಓವರ್‌ಫ್ಲೋ! ನಗು ಬಂತು. ಆಮೇಲೆ ಬಂದ ದೃಶ್ಯಕ್ಕೆ ನಗು ನಿಂತುಹೋಯ್ತು.

ಕೆಂಪು ಟೇಪ್ ಹಚ್ಚಿ ಮುಚ್ಚಿದ ಒಂದು ಕೋಣೆ. ಒಬ್ಬ ಹುಡುಗ ಟೇಪ್ ಕಿತ್ತು ಒಳಗೆ ಹೋಗ್ತಾನೆ. ಆ ತುದಿಯ ಕತ್ತಲಲ್ಲಿ ಒಬ್ಬ ಹೆಂಗಸು. ನಿಧಾನಕ್ಕೆ ಇವನ ಕಡೆ ನಡೆದು ಬರ್ತಾಳೆ. ಅರ್ಧ ದಾರಿಯಲ್ಲಿ ಕಾಲು ಸೋತು ಬೀಳೋ ಹಾಗೆ ಒಂದು ಪಕ್ಕಕ್ಕೆ ಜೋಲಿ ಹೊಡೆದು, ಮತ್ತೆ ನೆಟ್ಟಗಾಗಿ ಅದೇ ವೇಗದಲ್ಲಿ ಬರ್ತಾಳೆ. ಅಷ್ಟೇ. ಹಾರೋದಿಲ್ಲ, ಕಿರುಚೋದಿಲ್ಲ, ಮೈಮೇಲೆ ಬೀಳೋದಿಲ್ಲ. ಆ ಒಂದು ಜೋಲಿ ಇದ್ಯಲ್ಲ, ಹಾಸ್ಟೆಲ್‌ನಲ್ಲಿ ಇದಕ್ಕೆ ಮೊದಲೇ ಲ್ಯಾಪ್‌ಟಾಪ್ ಮುಚ್ಚಿದ್ದು ಒಳ್ಳೇದೇ ಆಯ್ತು ಅನ್ನಿಸ್ತು.

ನಮ್ಮ ಬಾಗಿಲ ಮೇಲೆ ‘ನಾಳೆ ಬಾ’

ಆ ಕೆಂಪು ಟೇಪ್ ನೋಡಿದಾಗ ನನಗೆ ನೆನಪಾಗಿದ್ದು ಅಮ್ಮ ಹೇಳ್ತಿದ್ದ ಕಥೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಮನೆಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದರಲ್ಲ, ನಿಮಗೂ ನೆನಪಿರಬಹುದು. ರಾತ್ರಿ ಹೊತ್ತು ದೆವ್ವ ಬಂದು ಮನೆಯವರದ್ದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೆ. ಓಗೊಟ್ಟರೆ ಮುಗೀತು. ಬಾಗಿಲ ಮೇಲೆ ಬರೆದಿದ್ದರೆ ಅದನ್ನ ಓದಿಕೊಂಡು ಸುಮ್ಮನೆ ವಾಪಸ್ ಹೋಗುತ್ತೆ, ಮಾರನೇ ರಾತ್ರಿ ಬಂದರೂ ಅದೇ ಬೋರ್ಡು! ಹಿಂದಿಯ ‘ಸ್ತ್ರೀ’ (2018) ಸಿನಿಮಾಗೆ ಮೂಲವಾಗಿದ್ದೂ ಇದೇ ಕಥೆ.

‘ಕೈರೋ’ದಲ್ಲೂ ಗುರುತಿನ ದನಿಯೇ ಕರೆಯುತ್ತೆ. ಸತ್ತ ಗೆಳೆಯನ ದನಿ ಫೋನಿನಲ್ಲಿ ‘ಕಾಪಾಡು’ ಅನ್ನುತ್ತೆ. ಆದ್ರೆ ಒಂದು ವ್ಯತ್ಯಾಸ ಇದೆ. ನಮ್ಮ ಕಥೆಯಲ್ಲಿ ಬಾಗಿಲ ಒಳಗೆ ಅಮ್ಮ, ಅಜ್ಜಿ, ಮಕ್ಕಳು ಎಲ್ಲ ಒಟ್ಟಿಗೆ ಮಲಗಿರ್ತಾರೆ, ದೆವ್ವ ಒಂಟಿಯಾಗಿ ಹೊರಗಿರುತ್ತೆ. ಕುರೊಸಾವಾ ಸಿನಿಮಾದಲ್ಲಿ ಬಾಗಿಲ ಒಳಗಿರೋ ಮನುಷ್ಯನೂ ಒಬ್ಬನೇ. ಹೊರಗಿನ ಒಂಟಿಗೂ ಒಳಗಿನ ಒಂಟಿಗೂ ಏನು ವ್ಯತ್ಯಾಸ ಉಳೀತು?

ಇದನ್ನ ಸಿನಿಮಾ ಒಂದು ಕಂಪ್ಯೂಟರ್ ಪ್ರೋಗ್ರಾಂನಲ್ಲಿ ತೋರಿಸುತ್ತೆ. ಯೂನಿವರ್ಸಿಟಿ ಲ್ಯಾಬ್‌ನಲ್ಲಿ ಪರದೆ ತುಂಬ ಬಿಳಿ ಚುಕ್ಕೆಗಳು ತೇಲ್ತಾ ಇರ್ತವೆ. ಎರಡು ಚುಕ್ಕೆ ತೀರಾ ಹತ್ತಿರ ಬಂದ್ರೆ ಸಾಯ್ತವೆ. ತೀರಾ ದೂರ ಹೋದ್ರೆ ಮತ್ತೆ ಒಂದನ್ನೊಂದು ಎಳ್ಕೊಳ್ತವೆ. ಅದನ್ನ ಕವಾಶಿಮಾಗೆ ತೋರಿಸೋ ಹರುಏ ಅನ್ನೋ ಕಂಪ್ಯೂಟರ್ ಓದಿದ ಹುಡುಗಿ, ಜನ ನೆಟ್‌ಗೆ ಬರೋದು ಯಾರ ಜೊತೆಗೋ ಸೇರೋಕೆ, ಆದ್ರೆ ನಿಜವಾಗಿ ಯಾರೂ ಯಾರಿಗೂ ಸೇರಿಲ್ಲ ಅಂತಾಳೆ. ಕೊನೆಗೆ ಪರದೆಯೊಳಗಿಂದ ಯಾರೋ ತನ್ನನ್ನ ನೋಡ್ತಿದ್ದಾರೆ ಅಂತ ಗೊತ್ತಾದಾಗ ಅವಳು ಹೆದರೋದಿಲ್ಲ. ಖಾಲಿ ಗಾಳಿಯನ್ನೇ ತಬ್ಬಿಕೊಂಡು, ನಾನು ಒಬ್ಬಳೇ ಅಲ್ಲ ಅಂತ ಸಂತೋಷ ಪಡ್ತಾಳೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಭಯ ಆಗಿದ್ದು ಅಲ್ಲಿ.

ಈ ದೆವ್ವಗಳು ಯಾರನ್ನೂ ಕೊಲ್ಲೋದಿಲ್ಲ ಅನ್ನೋದೂ ಗಮನಿಸಿ. ಅವನ್ನ ನೋಡಿದವರು ಊಟ, ಕೆಲಸ, ಮಾತು ಎಲ್ಲದರಲ್ಲೂ ಆಸಕ್ತಿ ಕಳಕೊಂಡು ಗೋಡೆಗೊರಗ್ತಾರೆ. ಆಮೇಲೆ ಗೋಡೆ ಮೇಲೆ ಮನುಷ್ಯಾಕಾರದ ಒಂದು ಕಪ್ಪು ಕಲೆ ಮಾತ್ರ. ಹಿರೋಶಿಮಾದ ಮ್ಯೂಸಿಯಂನಲ್ಲಿ ಬ್ಯಾಂಕ್ ಒಂದರ ಕಲ್ಲಿನ ಮೆಟ್ಟಿಲು ಇಟ್ಟಿದ್ದಾರೆ. 1945ರ ಬಾಂಬ್ ಬಿದ್ದ ಹೊತ್ತಿಗೆ ಅದರ ಮೇಲೆ ಕೂತಿದ್ದವರ ನೆರಳು ಅದರಲ್ಲಿ ಉಳಿದುಬಿಟ್ಟಿದೆ. ಜಪಾನಿನವರು ಆ ಕಲೆ ನೋಡಿದಾಗ ಇದನ್ನ ನೆನೆಯದೆ ಇರೋದು ಕಷ್ಟ. ಬಾಂಬಿಗೆ ಒಂದು ಕ್ಷಣ ಸಾಕಾಯ್ತು. ಇಲ್ಲಿ ಅದೇ ಕೆಲಸ ಸದ್ದಿಲ್ಲದೆ, ಒಂದೊಂದೇ ಕೋಣೆಯಲ್ಲಿ ಆಗುತ್ತೆ.

ಹಾಲಿವುಡ್ 2006ರಲ್ಲಿ ಇದನ್ನ ‘ಪಲ್ಸ್’ ಅಂತ ಮತ್ತೆ ಮಾಡಿತು. ಅದರಲ್ಲಿ ದೆವ್ವ ಓಡಿಸೋಕೆ ವೈರಸ್ ಹಾಕಿ ನೋಡ್ತಾರೆ, ಸಿಗ್ನಲ್ ಸಿಗದ ಜಾಗಕ್ಕೆ ಓಡಿಹೋಗ್ತಾರೆ. ಇಂಜಿನಿಯರ್ ಮನಸ್ಸಿಗೆ ಇದು ಹಿತ. ತೊಂದರೆ ನೆಟ್‌ವರ್ಕಿನದ್ದು, ನೆಟ್‌ವರ್ಕ್ ತೆಗೆದರೆ ಸರಿ. ಮೂಲ ಸಿನಿಮಾದಲ್ಲಿ ಆ ಸಮಾಧಾನ ಇಲ್ಲ. ತಂತಿ ಕಿತ್ತರೆ ದೆವ್ವ ಹೋಗಬಹುದು, ಒಂಟಿತನ ಎಲ್ಲಿ ಹೋಗುತ್ತೆ?

ಒಂದು ಹೆಬ್ಬೆರಳಿನ ಲೆಕ್ಕ

ಈಗ ನನ್ನ ವಿಷಯ. ಆವತ್ತು ಗೊರಕೆ ಹೊಡೆದ ರೂಮ್‌ಮೇಟ್ ಕೂಡ ಬೆಂಗಳೂರಿನಲ್ಲೇ ಇದ್ದಾನೆ. ನನ್ನ ಮನೆಯಿಂದ ಅವನ ಮನೆಗೆ ಒಂಬತ್ತು ಕಿಲೋಮೀಟರ್. ಎರಡು ವರ್ಷದಿಂದ ನಾವು ಭೇಟಿಯಾಗಿರಲಿಲ್ಲ. ಆದ್ರೆ ‘ಟಚ್’ನಲ್ಲಿದ್ದೆವು! ನಾನು ರೀಲ್ ಕಳಿಸ್ತಿದ್ದೆ, ಅವನು ಹೆಬ್ಬೆರಳು ಒತ್ತುತ್ತಿದ್ದ. ಬರ್ತ್‌ಡೇಗೆ ಕೇಕ್ ಚಿತ್ರ, ಹಬ್ಬಕ್ಕೆ ದೀಪದ ಚಿತ್ರ. ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಯಾವಾಗಲೂ ಇರೋದು. ಚೆನ್ನಾಗಿದ್ದಾನೆ ಬಿಡು ಅಂದ್ಕೊಂಡಿದ್ದೆ.

ಸಿನಿಮಾ ನೋಡಿದ ಮಾರನೇ ದಿನ ‘ಮಗಾ, ಆ ಜಪಾನಿ ಸಿನಿಮಾ ಪೂರ್ತಿ ನೋಡ್ದೆ’ ಅಂತ ಮೆಸೇಜ್ ಹಾಕಿದೆ. ಮತ್ತೆ ಹೆಬ್ಬೆರಳು. ಯಾಕೋ ಸರಿ ಅನ್ನಿಸಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದ್ದು ಅವನಮ್ಮ. ಏಳು ತಿಂಗಳಿಂದ ಅವನಿಗೆ ಹುಷಾರಿಲ್ಲ, ಡಿಪ್ರೆಶನ್‌ಗೆ ಡಾಕ್ಟರ್ ಹತ್ತಿರ ಹೋಗ್ತಿದ್ದಾನೆ, ಕೆಲಸ ಬಿಟ್ಟಿದ್ದಾನೆ, ಅದಕ್ಕೇ ಊರಿಂದ ಬಂದಿದ್ದೀನಿ ಅಂದ್ರು. ‘ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಕಣಪ್ಪ, ದಿನಾ ಮೆಸೇಜ್ ಮಾಡ್ತೀಯಲ್ಲ’ ಅಂದ್ರು. ಏನು ಹೇಳಲಿ?

ನನ್ನ ಕೆಲಸದಲ್ಲಿ ‘ಹಾರ್ಟ್‌ಬೀಟ್’ ಅನ್ನೋದೊಂದಿದೆ. ಸರ್ವರ್ ಜೀವಂತ ಇದ್ಯಾ ಅಂತ ಕೆಲವು ಸೆಕೆಂಡಿಗೊಮ್ಮೆ ಇನ್ನೊಂದು ಯಂತ್ರ ಕೇಳುತ್ತೆ. ‘ಇದ್ದೀನಿ’ ಅಂತ ಉತ್ತರ ಬಂದ್ರೆ ಬೋರ್ಡಿನಲ್ಲಿ ಹಸಿರು ಚುಕ್ಕೆ. ಆದ್ರೆ ಈ ಫೀಲ್ಡಿನಲ್ಲಿ ಸ್ವಲ್ಪ ವರ್ಷ ಕಳೆದೋರಿಗೆಲ್ಲ ಗೊತ್ತು: ಒಳಗೆ ಎಲ್ಲ ಕೆಲಸ ನಿಂತುಹೋಗಿದ್ದರೂ ಕೆಲವು ಸರ್ವರ್‌ಗಳು ‘ಇದ್ದೀನಿ’ ಅಂತ ಹೇಳ್ತಾನೇ ಇರ್ತವೆ. ಅದಕ್ಕೇ ಹಸಿರು ಚುಕ್ಕೆಯನ್ನ ಮಾತ್ರ ನಂಬಬೇಡಿ, ನಿಜವಾದ ಒಂದು ಕೆಲಸ ಕೊಟ್ಟು ನೋಡಿ ಅಂತ ಹೊಸದಾಗಿ ಸೇರಿದವರಿಗೆ ನಾನೇ ಪಾಠ ಮಾಡ್ತೀನಿ. ಸರ್ವರ್ ವಿಷಯದಲ್ಲಿ ಗೊತ್ತಿದ್ದದ್ದು ಗೆಳೆಯನ ವಿಷಯದಲ್ಲಿ ಗೊತ್ತಾಗಲಿಲ್ಲ.

‘ಕೈರೋ’ದ ದೆವ್ವಗಳಿಗೆ ನಾನು ಹೆದರಿದ್ದು ಇದಕ್ಕೇ. ಅವು ಹೊರಗಿಂದ ಬಂದವಲ್ಲ. ಪರದೆ ಮೇಲೆ ಕಾಣೋ ಆ ಮಬ್ಬು ಕೋಣೆಗಳಲ್ಲಿ ಒಂದು ನನ್ನ ಗೆಳೆಯನದ್ದು. ಇನ್ನೊಂದು, ರಾತ್ರಿ ಹನ್ನೊಂದರ ಮೇಲೆ ರೀಲ್ ತಳ್ತಾ ಕೂರೋ ನನ್ನದೇ.

ನೋಡೋದಾದರೆ

ಎರಡು ಗಂಟೆಯ ನಿಧಾನದ ಸಿನಿಮಾ. ಮಕ್ಕಳ ಜೊತೆ ನೋಡೋದು ಬೇಡ. ಆತ್ಮಹತ್ಯೆಯ ದೃಶ್ಯಗಳಿವೆ, ಮನಸ್ಸು ಸರಿ ಇಲ್ಲದ ದಿನಗಳಲ್ಲಿ ಖಂಡಿತ ಬೇಡ. ನಿಮಗೋ ನಿಮ್ಮವರಿಗೋ ಅಂಥ ದಿನಗಳಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆ ಭಾನುವಾರ ಗೆಳೆಯನ ಮನೆಗೆ ಹೋದೆ. ಅವನು ಹೆಚ್ಚು ಮಾತಾಡಲಿಲ್ಲ. ನಾನೂ ಏನೂ ಬುದ್ಧಿ ಹೇಳೋಕೆ ಹೋಗಲಿಲ್ಲ. ಅವನಮ್ಮ ಮಾಡಿದ ಉಪ್ಪಿಟ್ಟು ತಿಂದು, ಟಿವಿಯಲ್ಲಿ ಬರ್ತಿದ್ದ ಯಾವುದೋ ಹಳೇ ಮ್ಯಾಚ್ ನೋಡಿದೆವು. ಹೊರಡೋವಾಗ ಅವನೇ ಕೇಳಿದ, ‘ಲೋ, ಆ ಸಿನಿಮಾದಲ್ಲಿ ದೆವ್ವ ಕೊನೆಗೆ ಏನ್ ಮಾಡುತ್ತೋ?’ ‘ಏನೂ ಮಾಡಲ್ಲ ಮಗಾ, ಸುಮ್ಮನೆ ನಡ್ಕೊಂಡು ಬರುತ್ತೆ’ ಅಂದೆ. ‘ಅಷ್ಟಕ್ಕೆ ಎರಡು ಗಂಟೆನಾ? ನಾನು ಮಲಗಿದ್ದೇ ಸರಿ’ ಅಂದ. ಎಷ್ಟೋ ದಿನದ ಮೇಲೆ ಅವನು ನಕ್ಕಿದ್ದು ಅಂತ ಅವನಮ್ಮ ಆಮೇಲೆ ಹೇಳಿದ್ರು.

ಚಪ್ಪಲಿ ಹಾಕ್ಕೊಳ್ತಿದ್ದಾಗ ಬಾಗಿಲ ತನಕ ಬಂದು, ‘ನಾಳೆನೂ ಬಾಪ್ಪ’ ಅಂದ್ರು.

ಹೋಗಿದ್ದೆ.