ಅಸೃಕ್ ಶಬ್ದವೂ ಮೂಷಕಗಳ ರಕ್ತಾರ್ಬುದವೂ

‘ಅಸೃಕ್’ ಎಂಬುದು ರಕ್ತಕ್ಕೆ ಸಂಸ್ಕೃತದಲ್ಲಿರುವ ಪ್ರಾಚೀನ ನಾಮಗಳಲ್ಲೊಂದು. ಅಮರಸಿಂಹನು ಇದನ್ನು ರಕ್ತಪರ್ಯಾಯಗಳಲ್ಲಿ ಎಣಿಸಿರುವನು. ವಾಗ್ಭಟನು ಸಪ್ತಧಾತುಗಳನ್ನು ಹೇಳುವಲ್ಲಿ ಎರಡನೆಯದಕ್ಕೆ ಈ ಪದವನ್ನೇ ಇಟ್ಟಿರುವನು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರೂ ಅವರ ಸಹೋದ್ಯೋಗಿಗಳೂ ಇಲಿಯ ಒಂದು ಹೊಸ ಜೀನನ್ನು ೨೦೦೩ರಲ್ಲಿ ವರ್ಣಿಸಿ, ಅದಕ್ಕೆ ‘ಅಸೃಜ್’ ಎಂದು ಹೆಸರಿಟ್ಟರು. ಈ ಹೆಸರು ಎಷ್ಟರಮಟ್ಟಿಗೆ ಅನ್ವರ್ಥವೆಂಬುದನ್ನು ತಿಳಿಯಬೇಕಾದರೆ ಇಲಿಗಳಲ್ಲಿ ರಕ್ತವು ಹುಟ್ಟುವ ಮತ್ತು ಕೆಡುವ ಕ್ರಮವನ್ನು ಮೊದಲು ನೋಡಬೇಕು.

ರಕ್ತದ ಕಣಗಳು ಅಲ್ಪಾಯುಗಳು. ಅವು ಸವೆದಂತೆಲ್ಲ ಹೊಸವನ್ನು ಒದಗಿಸುವುದು ಅಸ್ಥಿಮಜ್ಜೆಯಲ್ಲಿರುವ ಆಕರಕೋಶಗಳ ಕಾರ್ಯ. ಇವುಗಳಲ್ಲಿ ಬಹುಭಾಗವು ವಿಭಾಗಹೊಂದದೆ ಸುಪ್ತವಾಗಿರುವುದರಿಂದ ಮೂಲಧನವು ಉಳಿದಿರುತ್ತದೆ. ಇಲಿಗಳಲ್ಲಿ ಪ್ಲೀಹವೂ ಜೀವಮಾನವೆಲ್ಲ ರಕ್ತೋತ್ಪತ್ತಿಗೆ ನೆರವಾಗುತ್ತದೆ.

೧೯೫೧ರಲ್ಲಿ ಲುಡ್ವಿಕ್ ಗ್ರಾಸ್ ಅವರು ರಕ್ತಾರ್ಬುದವಿದ್ದ ಇಲಿಗಳಿಂದ ತೆಗೆದ, ಜೀವಕೋಶಗಳಿಲ್ಲದ ಸಾರವನ್ನು ಹಸುಮರಿಗಳಿಗೆ ಚುಚ್ಚಿ, ವ್ಯಾಧಿಯು ಹೀಗೂ ಸಂಕ್ರಮಿಸುವುದೆಂದು ತೋರಿಸಿದರು. ೧೯೫೭ರಲ್ಲಿ ಷಾರ್ಲಟ್ ಫ್ರೆಂಡ್ ಅವರು ವರ್ಣಿಸಿದ ವೈರಾಣುವು ಪ್ಲೀಹವನ್ನು ಅತಿಯಾಗಿ ಹಿಗ್ಗಿಸುತ್ತದೆ. ಇಂತಹ ವೈರಾಣುವು ತನ್ನ ಆರ್.ಎನ್.ಎ.ಯಿಂದ ಡಿ.ಎನ್.ಎ. ಪ್ರತಿಯನ್ನು ಮಾಡಿಸಿ, ಓಲೆಯ ಪ್ರತಿಯಲ್ಲಿ ಪ್ರಕ್ಷಿಪ್ತಪದ್ಯವು ಸೇರುವಂತೆ, ಕೋಶದ ಡಿ.ಎನ್.ಎ.ಯೊಳಗೆ ಅದನ್ನು ಸೇರಿಸಿಬಿಡುತ್ತದೆ. ವೃದ್ಧಿಯನ್ನು ನಡೆಯಿಸುವ ಜೀನಿನ ಸಮೀಪದಲ್ಲಿ ಅದು ಸೇರಿದರೆ ಆ ಜೀನು ಮಿತಿಮೀರಿ ಕೆಲಸಮಾಡುವುದುಂಟು. ಇದಲ್ಲದೆ ಫ್ರೆಂಡ್ ವೈರಾಣುವಿನ ಒಂದು ಪ್ರೋಟೀನು, ಆಕರಕೋಶಗಳಿಂದ ಇಳಿದು ಕೆಂಪುಕಣಗಳಾಗಲಿರುವ ಕೋಶಗಳನ್ನು ಹಾರ್ಮೋನಿನ ಪ್ರೇರಣೆಯಿಲ್ಲದೆಯೇ ಹೆಚ್ಚಿಸುತ್ತದೆ. ವ್ಯಾಧಿಯು ಬಲಿತಾಗ, ಕೋಶವಿಭಾಗವನ್ನು ತಡೆಹಿಡಿಯುವ ‘ಪಿ-೫೩’ ಎಂಬ ಜೀನೂ ಅನೇಕವೇಳೆ ಕೆಟ್ಟಿರುತ್ತದೆ.

ಅಸೃಜಿನ ಮಹತ್ತ್ವವು ಇಲ್ಲಿಯೇ ವ್ಯಕ್ತವಾಗುತ್ತದೆ. ೨೦೧೯ರಲ್ಲಿ ಪ್ರಕಟವಾದ ಜಕ್ಕೂರಿನ ಶೋಧದಂತೆ, ಅಸೃಜ್ ಇಲ್ಲದ ಇಲಿಗಳಲ್ಲಿ ಪಿ-೫೩ ಪ್ರೋಟೀನು ಹೆಚ್ಚಾಗಿ ಶಿಥಿಲವಾಗುತ್ತದೆ. ಆಕರಕೋಶಗಳು ಸುಪ್ತಿಯನ್ನು ಬಿಡುತ್ತವೆ. ವಯಸ್ಸಾದಂತೆ ರಕ್ತಕಣಗಳ ಅತಿವೃದ್ಧಿಯ ಲಕ್ಷಣಗಳು ತೋರುತ್ತವೆ. ವೈರಾಣುವೇ ಇಲ್ಲದೆ, ಒಳಗಣ ಒಂದು ರಕ್ಷಕದ ಅಭಾವದಿಂದಲೇ ರಕ್ತದ ಮಿತಿಯು ತಪ್ಪುವುದೆಂದು ಇದರಿಂದ ಸಿದ್ಧವಾಯಿತು. ರಕ್ತದ ಮೂಲವನ್ನು ಕಾಯುವ ಜೀನಿಗೆ ರಕ್ತದ ಹೆಸರು ಸಂದದ್ದು ಯುಕ್ತವೇ ಆಗಿದೆ.

ಚರಕಸಂಹಿತೆಯು ರಕ್ತವಹಸ್ರೋತಸ್ಸುಗಳಿಗೆ ಯಕೃತ್ಪ್ಲೀಹಗಳನ್ನು ಮೂಲವೆನ್ನುತ್ತದೆ. ಆದಕಾರಣ ಪ್ರಾಚೀನರು ಆಕರಕೋಶಗಳನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಸಲ್ಲದು. ಧಾತುಕ್ರಮದಲ್ಲಿ ಮಜ್ಜೆಯು ರಕ್ತದ ಅನಂತರ ಹುಟ್ಟುವುದು. ಪ್ರಯೋಗದಲ್ಲಿ ಕಂಡ ಕ್ರಮವು ಇದಕ್ಕೆ ವಿಪರೀತವಾದುದು. ಹಳೆಯ ಶಬ್ದವು ಹೊಸ ಪದಾರ್ಥವನ್ನು ಹೊರಬಲ್ಲುದೆಂಬಷ್ಟು ಮಾತ್ರ ಇಲ್ಲಿ ಗ್ರಾಹ್ಯ. ಕನ್ನಡದಲ್ಲಿ ಶಾಸ್ತ್ರಪರಿಭಾಷೆಯನ್ನು ರಚಿಸುವವರಿಗೆ ಅಷ್ಟೇ ಸಾಕಾದ ಆಧಾರವಾಗಿದೆ.