ನಿಂತು ದುಡಿಯುವವರ ಕಾಲಿನ ನರ ಉಬ್ಬುವುದೇಕೆ?

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಅಕ್ಕನ ಮೀನಖಂಡದಲ್ಲಿ ನೀಲಿ ನರಗಳು ಉಬ್ಬಿ ಸುರುಳಿಯಾಗಿವೆ. ಸಂಜೆಯಾದರೆ ಕಾಲು ಭಾರ. ಏನು ಮಾಡಬೇಕು?

ಉತ್ತರ: ಇದು ವೆರಿಕೋಸ್ ವೇನ್ಸ್. ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳೊಳಗೆ ಮೇಲ್ಮುಖವಾಗಿ ಮಾತ್ರ ತೆರೆಯುವ ಪುಟ್ಟ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕವಾಟ ಅದು ಕೆಳಗೆ ಜಾರದಂತೆ ತಡೆಯುತ್ತದೆ. ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ. ವಂಶವಾಹಿ ಗುಣ, ಬಸಿರು, ಬೊಜ್ಜು, ಬಹುಹೊತ್ತು ನಿಲ್ಲುವ ಕೆಲಸ ಇದಕ್ಕೆ ಇಂಬು ಕೊಡುತ್ತವೆ.

ಅಕ್ಕ ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸಲಿ, ನಾಲ್ಕು ಹೆಜ್ಜೆ ಓಡಾಡಲಿ. ಮನೆಗೆ ಬಂದು 15 ನಿಮಿಷ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟು ಮಲಗಲಿ. ವೈದ್ಯರು ಹೇಳಿದ ಅಳತೆಯ ಬಿಗಿ ಕಾಲುಚೀಲವನ್ನು ಬೆಳಿಗ್ಗೆ, ಊತ ಬರುವ ಮುನ್ನವೇ ಹಾಕಿಕೊಳ್ಳಲಿ. ಇವುಗಳಿಂದ ನೋವು, ಊತ ತಗ್ಗುತ್ತವೆ. ಕೆಟ್ಟ ಕವಾಟ ಸರಿಹೋಗದು. ಅಗತ್ಯವಿದ್ದರೆ ಡಾಪ್ಲರ್ ಸ್ಕ್ಯಾನ್ ಮಾಡಿ, ಲೇಸರ್ ಇಲ್ಲವೇ ರೇಡಿಯೊ ತರಂಗದ ಶಾಖದಿಂದ ಆ ನಾಳವನ್ನು ಮುಚ್ಚುತ್ತಾರೆ. ರಕ್ತ ಬೇರೆ ನಾಳಗಳಲ್ಲಿ ಸಲೀಸಾಗಿ ಹರಿಯುತ್ತದೆ.

ಪಾದದ ಗಂಟಿನ ಒಳಬದಿ ಕಪ್ಪಾಗಿ ತುರಿಸಿದರೆ, ಹುಣ್ಣಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಒಂದೇ ಕಾಲು ದಿಢೀರನೆ ಊದಿ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.